ಹವಾ ಪಂಪಿನ ಬೆಲೆಯೂ ಅದರ ನಿಜವಾದ ವೆಚ್ಚವೂ

ಅಗ್ಗವೆಂದು ಮುಗ್ಗಿದ ಜೋಳ ತಂದವನ ಮಾತು ಜೋಳದ ಸೀಮೆಯಲ್ಲಿ ಎಲ್ಲರಿಗೂ ಪರಿಚಿತವೇ. ಆದರೆ ಜೋಳ ಕೊಳ್ಳುವಾಗ ಕಾಳನ್ನು ಅಂಗೈಯಲ್ಲಿ ಹಿಡಿದು, ಮೂಸಿ, ಹಲ್ಲಿನಿಂದ ಕಡಿದು ನೋಡುವ ಗಿರಾಕಿಯೇ ಸೈಕಲ್ಲಿನ ಹವಾ ಪಂಪು ಕೊಳ್ಳುವಾಗ ಕೇವಲ ಬೆಲೆಯ ಚೀಟಿಯನ್ನು ನೋಡಿ ಹಣ ಎಣಿಸುತ್ತಾನೆ. ಮಾರುವವರೂ ಹೆಚ್ಚು ಹೇಳುವುದಿಲ್ಲ. ಪಂಪು ಸಣ್ಣ ವಸ್ತು, ಅದರ ಮೇಲಿನ ಲಾಭವೂ ಸಣ್ಣದು ಎಂಬುದು ವ್ಯಾಪಾರಿಗಳ ಸಾಮಾನ್ಯ ಭಾವನೆ. ಸಣ್ಣ ವಸ್ತುವಿನಲ್ಲಿ ಆಗುವ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣಿಸದಿರುವುದರಿಂದಲೇ ಅದು ವರ್ಷಾನುಗಟ್ಟಲೆ ಮುಂದುವರಿಯುತ್ತದೆ ಎಂಬುದನ್ನು ವರ್ತಕ ಬಾಂಧವರು ಗಮನಿಸಬೇಕಾಗಿದೆ.

ಊರಿನ ಅಗತ್ಯ

ರೋಣ ತಾಲ್ಲೂಕಿನ ಮೆಣಸಗಿ ಮಲಪ್ರಭಾ ತೀರದ ಪ್ರದೇಶಕ್ಕೆ ಸೇರಿದ ಊರು. ಸುತ್ತಲೂ ಎರೆಭೂಮಿ. ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಳ್ಳುವ ಅಂಟು ಮಣ್ಣು, ಬೇಸಿಗೆಯಲ್ಲಿ ಬಿರುಕು ಬಿಟ್ಟ ಹೊಲದ ದಾರಿ, ವರ್ಷವಿಡೀ ಜಾಲಿಯ ಮುಳ್ಳು. ಇಂತಹ ನೆಲದಲ್ಲಿ ಸೈಕಲ್ಲಿಗೆ ಪಂಚರ್ ಆಗುವುದು ಅಪರೂಪದ ಸಂಗತಿಯಲ್ಲ. ಹವಾ ಇಳಿಯುವುದಂತೂ ವಾರದ ಕೆಲಸವೇ. ಮೋಟಾರ್ ಸೈಕಲ್ಲುಗಳು ಎಷ್ಟೇ ಹೆಚ್ಚಿದ್ದರೂ ಹೊಲಕ್ಕೆ ಬುತ್ತಿ ಒಯ್ಯುವವರಿಗೆ, ಕೂಲಿಗೆ ಹೋಗುವವರಿಗೆ, ಪ್ರೌಢಶಾಲೆಗೆ ಹೋಗುವ ಮಕ್ಕಳಿಗೆ ಸೈಕಲ್ಲು ಇಂದಿಗೂ ಬೇಕಾದ ವಾಹನವಾಗಿದೆ.

ರಾಜ್ಯ ಸರಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದಾಗ ಹಳ್ಳಿ ಹಳ್ಳಿಗೂ ಹೊಸ ಸೈಕಲ್ಲುಗಳು ಬಂದವು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತಾದರೂ ಹಿಂದೆ ಕೊಟ್ಟ ಸೈಕಲ್ಲುಗಳು ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ಕೈಬದಲಾಗುತ್ತ ಓಡಿದವು. ಸೈಕಲ್ಲು ಹಳೆಯದಾದಷ್ಟೂ ಅದಕ್ಕೆ ಪಂಪಿನ ಅಗತ್ಯ ಹೆಚ್ಚು. ಹವಾ ಕಡಿಮೆಯಿರುವ ಟಾಯರಿನ ಮೇಲೆ ಭಾರ ಹೇರಿ ಓಡಿಸಿದರೆ ಟಾಯರಿನ ಪಕ್ಕಗಳು ಬಿರಿಯುತ್ತವೆ, ಗಾಲಿಯ ಅಂಚಿಗೆ ಸಿಕ್ಕಿ ಟ್ಯೂಬು ಕತ್ತರಿಸುತ್ತದೆ. ಕೆಟ್ಟ ಪಂಪು ತನ್ನ ಬೆಲೆಯನ್ನಷ್ಟೇ ಅಲ್ಲ, ಟಾಯರು ಟ್ಯೂಬುಗಳ ಬೆಲೆಯನ್ನೂ ನುಂಗುತ್ತದೆ ಎಂಬುದು ಇದರ ತಾತ್ಪರ್ಯ.

ಬೆಲೆ ಬೇರೆ, ವೆಚ್ಚ ಬೇರೆ

ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಮೆಣಸಗಿಯಂತಹ ಊರಿನಲ್ಲಿ ಒಬ್ಬ ಸೈಕಲ್ ರಿಪೇರಿ ಅಂಗಡಿಯವನಿದ್ದಾನೆ ಎಂದು ಭಾವಿಸೋಣ. ಅವನ ಮುಂದೆ ಎರಡು ಪಂಪುಗಳಿವೆ. ಮೊದಲನೆಯದರ ಬೆಲೆ 400 ರೂಪಾಯಿ. ಎಂಟು ತಿಂಗಳು ಬಾಳುತ್ತದೆ. ಕೆಟ್ಟರೆ ಬಿಚ್ಚಲು ಬರುವುದಿಲ್ಲ. ಎರಡನೆಯದರ ಬೆಲೆ 1,200 ರೂಪಾಯಿ. ಆರು ವರ್ಷ ಬಾಳುತ್ತದೆ. ಆದರೆ ವರ್ಷಕ್ಕೆ 60 ರೂಪಾಯಿಯ ವಾಷರುಗಳು, ನಡುವೆ ಎರಡು ಸಲ 150 ರೂಪಾಯಿಯ ರಬ್ಬರ್ ನಳಿಕೆ ಬೇಕು.

ಆರು ವರ್ಷಗಳಲ್ಲಿ ಮೊದಲನೆಯ ಬಗೆಯ ಒಂಬತ್ತು ಪಂಪುಗಳನ್ನು ಕೊಳ್ಳಬೇಕಾಗುತ್ತದೆ. ಮೊತ್ತ 3,600 ರೂಪಾಯಿ. ಎರಡನೆಯದಕ್ಕೆ 1,200, ವಾಷರಿಗೆ 360, ನಳಿಕೆಗೆ 300, ಒಟ್ಟು 1,860 ರೂಪಾಯಿ. ಇಷ್ಟೇ ಅಲ್ಲ. ಮೊದಲನೆಯದು ಆರು ವರ್ಷಗಳ ನಡುವೆ ಎಂಟು ಸಲ ಕೈಕೊಡುತ್ತದೆ. ಪ್ರತಿ ಸಲವೂ ರೋಣಕ್ಕೋ ಗದಗಕ್ಕೋ ಹೋಗಿ ಹೊಸದನ್ನು ತರಬೇಕು. ಬಸ್ಸಿನ ಖರ್ಚು, ಅರ್ಧ ದಿನದ ದುಡಿಮೆ ಸೇರಿ ಸಲಕ್ಕೆ 200 ರೂಪಾಯಿ ಎಂದು ಹಿಡಿದರೂ 1,600 ರೂಪಾಯಿ ಆಗುತ್ತದೆ. ಅಂದರೆ 400 ರೂಪಾಯಿಯ ಪಂಪಿನ ನಿಜವಾದ ವೆಚ್ಚ 5,200 ರೂಪಾಯಿ. 1,200 ರೂಪಾಯಿಯ ಪಂಪಿನದು 1,860 ರೂಪಾಯಿ.

ಆದರೆ ಈ ಲೆಕ್ಕಕ್ಕೆ ಒಂದು ಷರತ್ತು ಉಂಟು. ಎರಡನೆಯ ಪಂಪಿನ ವಾಷರು ಪೇಟೆಯಲ್ಲಿ ಸಿಗದೆ ಹೋಗಿ, ಆ ಪಂಪು ಎರಡೇ ವರ್ಷಕ್ಕೆ ಮೂಲೆ ಸೇರಿತು ಎಂದುಕೊಳ್ಳೋಣ. ಆಗ ಅದರ ವೆಚ್ಚ ವರ್ಷಕ್ಕೆ 600 ರೂಪಾಯಿ. ಅಗ್ಗದ ಪಂಪಿನ ಖರೀದಿಯ ವೆಚ್ಚವೂ ವರ್ಷಕ್ಕೆ ಸರಿಯಾಗಿ ಅಷ್ಟೇ. ಎಂದರೆ, ಬಿಡಿಭಾಗ ಸಿಗದ ದುಬಾರಿ ಪಂಪು ಅಗ್ಗದ ಪಂಪಿಗಿಂತ ಹೆಚ್ಚೇನೂ ಲೇಸಲ್ಲ. ವಿಶ್ವಾಸಾರ್ಹತೆ ಎಂಬುದು ಹೆಚ್ಚಿನ ಬೆಲೆಯಲ್ಲಿ ಇಲ್ಲ, ಹೆಸರಿನಲ್ಲಿಯೂ ಇಲ್ಲ. ಬಿಚ್ಚಿ ಜೋಡಿಸಲು ಬರುವುದರಲ್ಲಿ ಮತ್ತು ಬಿಡಿಭಾಗದ ಲಭ್ಯತೆಯಲ್ಲಿ ಇದೆ. ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ “ಇದರ ಬೆಲೆ ಎಷ್ಟು?” ಎಂಬುದಲ್ಲ, “ಇದರ ವಾಷರು ನಿಮ್ಮಲ್ಲಿ ಇದೆಯೇ?” ಎಂಬುದು.

ಕೊಳವೆಯ ಅಳತೆ

ಎರಡನೆಯ ಪ್ರಶ್ನೆ ಪಂಪಿನ ಕೊಳವೆಯ ಒಳವ್ಯಾಸಕ್ಕೆ ಸಂಬಂಧಿಸಿದ್ದು. ದಪ್ಪ ಕೊಳವೆಯ ಪಂಪು ಬೇಗ ಹವಾ ತುಂಬುತ್ತದೆ ಎಂಬುದು ನಿಜ. ಆದರೆ ಅದನ್ನು ಒತ್ತುವುದಕ್ಕೆ ಬೇಕಾದ ಬಲವೂ ಹೆಚ್ಚು. ಒತ್ತಡವನ್ನು ಕೊಳವೆಯ ವಿಸ್ತೀರ್ಣದಿಂದ ಗುಣಿಸಿದರೆ ಬೇಕಾದ ಬಲ ಸಿಗುತ್ತದೆ. ಟಾಯರಿನಲ್ಲಿ 40 ಪೌಂಡ್ ಒತ್ತಡ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.8 ಕಿಲೋ, ತುಂಬಬೇಕೆಂದಿದ್ದರೆ 30 ಮಿಲಿಮೀಟರ್ ಕೊಳವೆಯ ಪಂಪನ್ನು ಕೊನೆಯ ಹೊಡೆತಗಳಲ್ಲಿ ಸುಮಾರು 20 ಕಿಲೋ ಭಾರದಿಂದ ಒತ್ತಬೇಕು. 40 ಮಿಲಿಮೀಟರ್ ಕೊಳವೆಗೆ ಸುಮಾರು 35 ಕಿಲೋ. 50 ಮಿಲಿಮೀಟರಿಗೆ ಸುಮಾರು 55 ಕಿಲೋ ಬೇಕು. ಎಂಟನೆಯ ತರಗತಿಯ ಬಾಲಕಿಯ ಮೈಭಾರವೇ ಸುಮಾರು 35 ಕಿಲೋ ಇರುವಾಗ, ಮನೆಗೆ 50 ಮಿಲಿಮೀಟರ್ ಪಂಪು ಒಯ್ದರೆ ಅದು ಆಕೆಯ ಉಪಯೋಗಕ್ಕೆ ಬರುವಂತಿಲ್ಲ.

ಹೊಡೆತಗಳ ಲೆಕ್ಕವೂ ಉಂಟು. 28 ಅಂಗುಲದ ಸಾಮಾನ್ಯ ಸೈಕಲ್ ಟಾಯರಿನ ಒಳ ಅವಕಾಶ ಎರಡೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು. ಅದನ್ನು 40 ಪೌಂಡಿಗೆ ತರಲು ಸುಮಾರು ಏಳು ಲೀಟರ್ ಹೊರಗಿನ ಹವೆಯನ್ನು ಒಳಗೆ ತಳ್ಳಬೇಕು. ಕೋಲು 45 ಸೆಂಟಿಮೀಟರ್ ಏರಿಳಿಯುವ ಪಂಪಿನಲ್ಲಿ, ಸೋರಿಕೆಯೇ ಇಲ್ಲವೆಂದು ಹಿಡಿದರೆ, 30 ಮಿಲಿಮೀಟರ್ ಕೊಳವೆಗೆ 23 ಹೊಡೆತ, 40 ಮಿಲಿಮೀಟರಿಗೆ 13 ಹೊಡೆತ ಸಾಕು. ದಿನಕ್ಕೆ ಹತ್ತಾರು ಗಾಲಿಗಳಿಗೆ ಹವಾ ಹಾಕುವ ಅಂಗಡಿಗೆ 40 ಮಿಲಿಮೀಟರ್ ಯೋಗ್ಯ. ವಾರಕ್ಕೊಮ್ಮೆ ಬಳಸುವ ಮನೆಗೆ 30 ಮಿಲಿಮೀಟರ್ ಯೋಗ್ಯ. ಗಿರಾಕಿ ಯಾರು ಎಂದು ಕೇಳದೆ ಪಂಪು ಕೊಡುವ ವರ್ತಕನು ಚಪ್ಪಲಿಯ ಅಳತೆ ಕೇಳದೆ ಚಪ್ಪಲಿ ಮಾರುವವನಂತೆ ಆಗುತ್ತಾನೆ.

ವಾಷರು, ನಳಿಕೆ ಮತ್ತು ವಾಲ್ವು

ಪಂಪಿನ ಜೀವ ಇರುವುದು ಅದರ ವಾಷರಿನಲ್ಲಿ. ಬಟ್ಟಲಿನ ಆಕಾರದ ಈ ವಾಷರು ಕೋಲನ್ನು ಒತ್ತಿದಾಗ ಅರಳಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಎತ್ತಿದಾಗ ಸಡಿಲಗೊಂಡು ಮೇಲಿನ ಹವೆಯನ್ನು ಕೆಳಕ್ಕೆ ಬಿಡುತ್ತದೆ. ಚರ್ಮದ ವಾಷರು ಒಣಗಿದರೆ ಮುದುಡುತ್ತದೆ, ಪಂಪು ಹವೆಯನ್ನು ಹಿಡಿಯುವುದಿಲ್ಲ. ಎರಡು ಹನಿ ಎಣ್ಣೆ ಬಿಟ್ಟು ಬೆರಳಿನಿಂದ ಅಂಚನ್ನು ಅಗಲಿಸಿದರೆ ಅದು ಮರಳಿ ಜೀವ ತಳೆಯುತ್ತದೆ. ರಬ್ಬರಿನ ವಾಷರಿಗೆ ಈ ಉಪಚಾರ ಸಲ್ಲದು. ಸಹಜ ರಬ್ಬರು ಸೀಮೆಎಣ್ಣೆ, ಇಂಜಿನ್ ಎಣ್ಣೆ ಮತ್ತು ಗ್ರೀಸುಗಳಿಂದ ಉಬ್ಬಿ ಮೆತ್ತಗಾಗುತ್ತದೆ. ಅದಕ್ಕೆ ಸಿಲಿಕೋನ್ ಗ್ರೀಸು ಹೊಂದುತ್ತದೆ. ವಾಷರು ಯಾವುದರದ್ದು ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಎಷ್ಟೋ ಪಂಪುಗಳು ಅಕಾಲದಲ್ಲಿ ಗುಜರಿಗೆ ಹೋಗುವುದು ತಪ್ಪುತ್ತದೆ.

ಕೊಳವೆ ಉಕ್ಕಿನದ್ದಿರಲಿ, ಅಲ್ಯುಮಿನಿಯಮ್ಮಿನದ್ದಿರಲಿ, ತಗ್ಗು ಬಿದ್ದಿರಬಾರದು. ಒಂದು ಸಣ್ಣ ತಗ್ಗು ಸಾಕು, ಪ್ರತಿ ಹೊಡೆತಕ್ಕೂ ವಾಷರಿನ ಅಂಚನ್ನು ಸವೆಸಲು. ತೆಳುವಾದ ತಗಡಿನ ಕೊಳವೆಯನ್ನು ಸಾಗಣೆಯಲ್ಲಿ ಎತ್ತಿ ಎಸೆದರೆ ಅದು ಅಂಗಡಿಗೆ ಬರುವಾಗಲೇ ಅರ್ಧ ಕೆಟ್ಟಿರುತ್ತದೆ. ಕಾಲಿಡುವ ತಳಪಟ್ಟಿ ಅಗಲವಾಗಿ, ಬೆಸುಗೆ ಗಟ್ಟಿಯಾಗಿ ಇರಬೇಕು. 35 ಕಿಲೋ ಬಲ ಬೀಳುವ ವಸ್ತುವಿನ ತಳ ಅಲುಗಾಡುತ್ತಿದ್ದರೆ ಕೋಲು ಬಾಗುತ್ತದೆ, ಕೋಲು ಬಾಗಿದರೆ ವಾಷರು ಒಂದೇ ಬದಿಗೆ ಸವೆಯುತ್ತದೆ.

ನಳಿಕೆಯ ತುದಿ ಯಾವ ವಾಲ್ವಿಗೆ ಹೊಂದುತ್ತದೆ ಎಂಬುದು ಅಷ್ಟೇ ಮುಖ್ಯ. ಹಳೆಯ ದೊಡ್ಡ ಸೈಕಲ್ಲುಗಳಲ್ಲಿ ವಾಲ್ ಟ್ಯೂಬ್ ಹಾಕುವ ಡನ್ಲಪ್ ಮಾದರಿಯ ವಾಲ್ವು ಇರುತ್ತದೆ. ದಪ್ಪ ಟಾಯರಿನ ಹೊಸ ಸೈಕಲ್ಲುಗಳಲ್ಲಿ ಹಲವಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಇರುವಂತಹ, ನಡುವೆ ಸೂಜಿಯುಳ್ಳ ವಾಲ್ವು ಇರುತ್ತದೆ. ಒಂದಕ್ಕೆ ಹೊಂದುವ ತುದಿ ಇನ್ನೊಂದಕ್ಕೆ ಹೊಂದದು. ಎರಡಕ್ಕೂ ಹೊಂದುವ ತುದಿಯುಳ್ಳ ಪಂಪಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ಅಂಗಡಿಯವನಿಗೆ ನಷ್ಟವಿಲ್ಲ.

ಒತ್ತಡದ ಮಾಪಕದ ಮೋಹ

ಮುಳ್ಳು ತಿರುಗುವ ಮಾಪಕವುಳ್ಳ ಪಂಪು ನೋಡಲು ಅಂದ, ಬೆಲೆಯೂ ಹೆಚ್ಚು. ಆದರೆ ಮಾಪಕವು ತೋರಿಸುವುದು ನಳಿಕೆಯೊಳಗಿನ ಒತ್ತಡವನ್ನು. ಡನ್ಲಪ್ ವಾಲ್ವಿನಲ್ಲಿ ರಬ್ಬರಿನ ತೋಳು ಹವೆಯನ್ನು ಒಳಗೆ ಬಿಡುವುದಕ್ಕೆ ಸ್ವಲ್ಪ ಹೆಚ್ಚಿನ ಒತ್ತಡ ಬೇಕು, ಹೋದ ಹವೆ ಹಿಂದಕ್ಕೆ ಬಾರದು. ಆದ್ದರಿಂದ ಮಾಪಕದ ಅಂಕಿ ಟಾಯರಿನೊಳಗಿನ ನಿಜವಾದ ಒತ್ತಡವಲ್ಲ. ಸೂಜಿಯ ವಾಲ್ವಿನಲ್ಲಿ ಪಂಪಿನ ತುದಿ ಸೂಜಿಯನ್ನು ಒತ್ತಿ ಹಿಡಿಯುವಂತಿದ್ದರೆ ಮಾಪಕದ ಮಾತನ್ನು ನಂಬಬಹುದು. ಹಳೆಯ ಸೈಕಲ್ಲುಗಳೇ ಹೆಚ್ಚಿರುವ ಊರಿನ ಅಂಗಡಿಯವನು ಮಾಪಕಕ್ಕೆ ಕೊಡುವ ಹಣವನ್ನು ಗಟ್ಟಿ ಕೊಳವೆಗೆ ಕೊಡುವುದು ಲೇಸು.

ಮಾಪಕ ಬೇಕೇ ಬೇಕೆನ್ನುವವರು ಅದರ ಗರಿಷ್ಠ ಅಂಕಿಯನ್ನು ನೋಡಬೇಕು. 160 ಪೌಂಡಿನವರೆಗೆ ತೋರಿಸುವ ಮಾಪಕದಲ್ಲಿ 40ರ ಆಸುಪಾಸಿನ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯದು. ಬೇಕಾದ ಒತ್ತಡವು ಮಾಪಕದ ನಡುಭಾಗದಲ್ಲಿ ಬರುವಂತಿದ್ದರೆ ಓದುವುದು ಸುಲಭ. ಎಷ್ಟು ಒತ್ತಡ ತುಂಬಬೇಕೆಂಬುದು ಟಾಯರಿನ ಪಕ್ಕದಲ್ಲಿಯೇ ಅಚ್ಚಾಗಿರುತ್ತದೆ; ಅದನ್ನು ಮೀರಬಾರದು.

ಬ್ಯಾಟರಿಯ ಸಣ್ಣ ಯಂತ್ರಗಳೂ ಈಗ ಮಾರುಕಟ್ಟೆಯಲ್ಲಿವೆ. ಅವುಗಳ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವುಗಳ ಬ್ಯಾಟರಿ ಮುಪ್ಪಾದಾಗ ಹಳ್ಳಿಯಲ್ಲಿ ದುರಸ್ತಿ ಮಾಡುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಕರೆಂಟು ಹೋದ ದಿನವೂ ನಡೆಯುವ ಕೈಪಂಪಿನ ಸ್ಥಾನವನ್ನು ಅವು ತುಂಬಲಾರವು.

ಅಂಗಡಿಯಲ್ಲಿಯೇ ಪರೀಕ್ಷೆ

ಪಂಪಿನ ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ನಳಿಕೆಯ ತುದಿಯನ್ನು ಹೆಬ್ಬೆರಳಿನಿಂದ ಭದ್ರವಾಗಿ ಮುಚ್ಚಿ, ಕೋಲನ್ನು ಅರ್ಧದವರೆಗೆ ಒತ್ತಿ ಹಿಡಿಯಬೇಕು. ಹತ್ತು ಎಣಿಸುವಷ್ಟರಲ್ಲಿ ಕೋಲು ತಾನಾಗಿ ಕೆಳಗಿಳಿದರೆ ಹವೆ ಎಲ್ಲಿಯೋ ಸೋರುತ್ತಿದೆ. ಕೈ ಬಿಟ್ಟೊಡನೆ ಕೋಲು ಮೇಲಕ್ಕೆ ಪುಟಿದರೆ ವಾಷರು ಚೆನ್ನಾಗಿದೆ. ಕೋಲನ್ನು ಪೂರ್ತಿ ಎತ್ತಿ ಅದು ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಬೇಕು. ಮೇಲಿನ ಮುಚ್ಚಳ ತಿರುಪಿನಿಂದ ಬಿಚ್ಚಿಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಬಡಿದು ಮಡಚಿ ಮುಚ್ಚಿದ ಪಂಪಿನ ವಾಷರನ್ನು ಬದಲಿಸಲು ಬರುವುದಿಲ್ಲ. ಎರಡು ನಿಮಿಷದ ಈ ಪರೀಕ್ಷೆಯನ್ನು ವರ್ತಕನೇ ಗಿರಾಕಿಯ ಮುಂದೆ ಮಾಡಿ ತೋರಿಸಿದರೆ ವಿಶ್ವಾಸ ಬೆಳೆಯುತ್ತದೆ.

ರಸೀದಿಯ ಮಾತು ಕೂಡ ಇಲ್ಲಿಯೇ ಬರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವ್ಯಾಪಾರದ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲವಾದರೂ, ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡು ಬಳಸುವವನನ್ನು ಹೊರಗಿಟ್ಟಿಲ್ಲ. ಆದ್ದರಿಂದ ತಾನೇ ಕುಳಿತು ಪಂಚರ್ ಹಾಕುವವನಿಗೂ ಕಾಯಿದೆಯ ಆಸರೆ ಉಂಟು. ಆದರೆ ರಸೀದಿಯಿಲ್ಲದೆ ಅದನ್ನು ಪಡೆಯುವುದು ಕಷ್ಟ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಅಂಗಡಿಯವನು ಕೊಟ್ಟ ತೆರಿಗೆಯನ್ನು ಹಿಂಪಡೆಯಲಾರ. ಆ ತೆರಿಗೆ ಅವನ ಪಾಲಿಗೆ ಪೂರ್ತಿ ವೆಚ್ಚವೇ. ಎಂಟು ತಿಂಗಳಿಗೊಂದು ಪಂಪು ಕೊಳ್ಳುವವನು ಎಂಟು ತಿಂಗಳಿಗೊಮ್ಮೆ ಆ ತೆರಿಗೆಯನ್ನೂ ಕೊಡುತ್ತಾನೆ.

ವರ್ತಕರ ಆಕ್ಷೇಪ

“ಒಂಬತ್ತು ಪಂಪು ಮಾರುವ ಕಡೆ ಒಂದನ್ನೇ ಮಾರಿದರೆ ನಮ್ಮ ಗತಿ ಏನು?” ಎಂದು ವರ್ತಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. 340 ರೂಪಾಯಿಗೆ ತಂದು 400ಕ್ಕೆ ಮಾರುವ ಅಗ್ಗದ ಪಂಪಿನಲ್ಲಿ 60 ರೂಪಾಯಿ ಲಾಭವೆಂದರೆ, ಒಂಬತ್ತಕ್ಕೆ 540 ರೂಪಾಯಿ. ಗಟ್ಟಿ ಪಂಪನ್ನು 1,000ಕ್ಕೆ ತಂದು 1,200ಕ್ಕೆ ಮಾರಿದರೆ 200. ವರ್ಷದ ವಾಷರಿನಲ್ಲಿ 15ರಂತೆ ಆರು ವರ್ಷಕ್ಕೆ 90. ಎರಡು ನಳಿಕೆಗಳಲ್ಲಿ 40ರಂತೆ 80. ಒಟ್ಟು 370 ರೂಪಾಯಿ. ಒಬ್ಬ ಗಿರಾಕಿಯ ಮೇಲೆ ಆರು ವರ್ಷಗಳಲ್ಲಿ 170 ರೂಪಾಯಿ ಕಡಿಮೆ ಎಂಬುದನ್ನು ಮರೆಮಾಚಬೇಕಾಗಿಲ್ಲ.

ಆದರೆ ಹೂಡಿದ ಹಣವನ್ನೂ ನೋಡಬೇಕು. ಮೊದಲನೆಯದರಲ್ಲಿ 540 ರೂಪಾಯಿ ಗಳಿಸಲು 3,060 ರೂಪಾಯಿಯ ಮಾಲು ತರಬೇಕು. ಪ್ರತಿ ನೂರಕ್ಕೆ 17.6 ರೂಪಾಯಿ ಲಾಭ. ಎರಡನೆಯದರಲ್ಲಿ 370 ರೂಪಾಯಿಗೆ ಹೂಡುವುದು 1,490 ರೂಪಾಯಿ. ಪ್ರತಿ ನೂರಕ್ಕೆ 24.8 ರೂಪಾಯಿ. ಉಳಿದ ಬಂಡವಾಳ ಟಾಯರು, ಟ್ಯೂಬು, ಚೈನುಗಳಲ್ಲಿ ತಿರುಗಬಹುದು. ಇನ್ನು ಅಗ್ಗದ ಪಂಪೊಂದು ವಾರದಲ್ಲಿ ಕೆಟ್ಟು ವಾಪಸು ಬಂದು, ವರ್ತಕನು ತನ್ನ ಕೈಯಿಂದ ಬೇರೆ ಕೊಡಬೇಕಾಗಿ ಬಂದರೆ, ಸುಮಾರು ಆರು ಪಂಪುಗಳ ಲಾಭ ಒಂದೇ ಏಟಿಗೆ ಹೋಗುತ್ತದೆ. ವಾಷರಿಗಾಗಿ ವರ್ಷಕ್ಕೊಮ್ಮೆ ತಪ್ಪದೆ ಬರುವ ಗಿರಾಕಿ ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದು ಅಂಗಡಿ ನಡೆಸಿದ ಎಲ್ಲರಿಗೂ ಗೊತ್ತು.

ಆಗಬೇಕಾದದ್ದು

ಸೈಕಲ್ಲು ಮತ್ತು ಅದರ ಬಿಡಿಭಾಗಗಳ ತಯಾರಿಕೆಗೆ ಲೂಧಿಯಾನಾ ಹೆಸರಾದ ಕೇಂದ್ರ. ಅಲ್ಲಿನ ಉತ್ಪಾದನೆಯೊಡನೆ ಪಂಪಿನ ತಯಾರಿಕೆಯಲ್ಲಿ ಪೈಪೋಟಿ ಮಾಡುವುದು ನಮ್ಮ ಭಾಗದ ಸಣ್ಣ ಘಟಕಗಳಿಗೆ ಸುಲಭವಲ್ಲ. ಆದರೆ ವಾಷರು, ನಳಿಕೆಯ ತುದಿ, ಹಿಡಿಕೆ, ತಳಪಟ್ಟಿಗಳನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಗದಗ-ಬೆಟಗೇರಿಯಲ್ಲಾಗಲಿ ಲೇಥು ಮತ್ತು ಪ್ರೆಸ್ಸು ಇರುವ ಯಾವುದೇ ಘಟಕ ಮಾಡಿಕೊಡಬಲ್ಲದು. ಅಡ್ಡಿಯಿರುವುದು ಒಂದೇ: ಮಾರುಕಟ್ಟೆಯಲ್ಲಿರುವ ಪಂಪುಗಳ ಕೊಳವೆಯ ಅಳತೆಗಳು ನಾನಾ ಬಗೆಯವು, ಅವು ಎಲ್ಲಿಯೂ ಬರೆದಿರುವುದಿಲ್ಲ. ಅಳತೆ ತಿಳಿಯದೆ ವಾಷರು ತಯಾರಿಸುವುದು ಕುರುಡು ವ್ಯವಹಾರ.

ಆದ್ದರಿಂದ ಮೂರು ಕ್ರಮಗಳು ಅಪೇಕ್ಷಣೀಯ. ಸಗಟು ವರ್ತಕರು ತಾವು ತರಿಸುವ ಪಂಪುಗಳನ್ನು ಎರಡು ಅಥವಾ ಮೂರು ಕೊಳವೆಯ ಅಳತೆಗಳಿಗೆ ಸೀಮಿತಗೊಳಿಸಿ, ಆ ಅಳತೆಯನ್ನು ರಸೀದಿಯಲ್ಲಿ ನಮೂದಿಸಬೇಕು. ಪ್ರತಿ ಹತ್ತು ಪಂಪುಗಳಿಗೆ ಇಂತಿಷ್ಟು ವಾಷರುಗಳೆಂದು ಬಿಡಿಭಾಗಗಳನ್ನು ಜೊತೆಯಲ್ಲಿಯೇ ತರಿಸಬೇಕು. ಸಣ್ಣ ಉತ್ಪಾದಕರು ಆ ಎರಡು ಮೂರು ಅಳತೆಗಳ ವಾಷರುಗಳನ್ನು, ವಸ್ತು ಯಾವುದು ಮತ್ತು ಯಾವ ಎಣ್ಣೆ ಸಲ್ಲುತ್ತದೆ ಎಂಬ ಕನ್ನಡದ ಚೀಟಿಯೊಂದಿಗೆ ಮಾರುಕಟ್ಟೆಗೆ ಬಿಡಬೇಕು. ಇವಾವುದಕ್ಕೂ ಸರಕಾರದ ಆದೇಶ ಬೇಕಿಲ್ಲ, ಬ್ಯಾಂಕಿನ ಸಾಲವೂ ಬೇಕಿಲ್ಲ.

2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆ ಉಕ್ಕಿ ತೀರದ ಹಳ್ಳಿಗಳಿಗೆ ನುಗ್ಗಿದ್ದನ್ನು ಈ ಭಾಗದ ಜನ ಮರೆತಿಲ್ಲ. ಹೊಳೆಯ ನೀರು ಹೊಕ್ಕ ಮನೆಯಲ್ಲಿ ಬಿಚ್ಚಲು ಬರುವ ಪಂಪನ್ನು ತೊಳೆದು, ಒಣಗಿಸಿ, ಹೊಸ ವಾಷರು ಹಾಕಿದರೆ ಅದು ಮರುದಿನವೇ ಕೆಲಸಕ್ಕೆ ಬರುತ್ತದೆ. ಮುಚ್ಚಿ ಬಡಿದ ಪಂಪು ಕೆಸರು ತುಂಬಿಕೊಂಡು ತಿಪ್ಪೆಗೆ ಹೋಗುತ್ತದೆ. ಕಳೆದುಕೊಂಡವನಿಗೆ ಮತ್ತೆ ಕೊಳ್ಳುವ ಶಕ್ತಿ ಕಡಿಮೆಯಿರುವ ಸಮಯ ಅದು. ಅಂತಹ ಸಮಯದಲ್ಲಿ ಹತ್ತಾರು ರೂಪಾಯಿಯ ವಾಷರನ್ನು ಕೈಗೆ ಕೊಡಬಲ್ಲ ಅಂಗಡಿಯೇ ಗಿರಾಕಿಯ ನೆನಪಿನಲ್ಲಿ ಉಳಿಯುತ್ತದೆ.